ತಂಗಿಯ ನಕ್ಷತ್ರ

ಬೊಂಬಾಯಿಯ ಗ್ರಾಂಟ್ ರೋಡಿನ ಸ್ಟುಡಿಯೋದವನು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದ. ಇವರ ತೋಳು ಹಿಡಿದು ನನ್ನ ಬೆನ್ನ ಹಿಂದೆ ನಿಲ್ಲಿಸಿದ. ಆಮೇಲೆ ಕರಿ ಬಟ್ಟೆಯೊಳಗೆ ತಲೆ ತೂರಿಸಿಕೊಂಡು, "ಬೇಟಾ ಪೀಛೆ ಠೀಕ್ ಹೈ. ಮಾಜೀ, ಥೋಡಾ ಹಸೋ" ಅಂದ.

ನಾನು ನಗಲಿಲ್ಲ. ಇವರೂ ನಗಲಿಲ್ಲ. ಇವರೆಂದರೆ ನನ್ನ ಗಂಡ, ಮಗನಲ್ಲ. ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ. ಮಲಾಡಿನ ನಮ್ಮ ಮನೆಯ ಬಾಗಿಲಿಗೆ ವೆಂಕಟಸುಬ್ಬಯ್ಯ ಅಂತ ಹಲಗೆ ಹೊಡೆಸಿದ್ದಾರೆ, ಬೇಕಾದವರು ಓದಿಕೊಳ್ಳಲಿ. ಇದು ಐವತ್ತೇಳನೆಯ ಇಸವಿಯ ಮಾತು. ಆ ವರ್ಷ ಶ್ರಾವಣಕ್ಕೆ ಇವರಿಗೆ ಅರವತ್ತು ತುಂಬುವುದಿತ್ತು. ಷಷ್ಟ್ಯಬ್ದಿಯ ದಿನ ಗೋಡೆಗೆ ಹಾಕಲು ಗಂಡ ಹೆಂಡಿರದೊಂದು ಫೋಟೋ ಇರಲಿ ಅಂತ ಲೋಕಲ್ ಹತ್ತಿಸಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದಿದ್ದರು. "ಮಾಜೀ ನಹೀ. ಮೇರೀ ಮಿಸೆಸ್ ಹೈ" ಅಂದರು ಇವರು, ಕಚೇರಿಯಲ್ಲಿ ಗುಮಾಸ್ತರ ತಪ್ಪು ತಿದ್ದುವ ದನಿಯಲ್ಲಿ. ಅವನು ನಾಲಿಗೆ ಕಚ್ಚಿಕೊಂಡು ಇನ್ನೊಂದು ಕುರ್ಚಿ ತಂದು ಹಾಕಿದ.

ವಾಪಸು ಬರುವಾಗ ಗಾಡಿ ಅಂಧೇರಿ ದಾಟಿದ ಮೇಲೆ ನನ್ನ ಕಡೆ ತಿರುಗಿ, "ನಿನಗೇನೋ ಒಳಗೆ ಕಾಯಿಲೆ ಇದೆ ಕಣೇ" ಅಂದರು. "ಐವತ್ತಕ್ಕೆ ಹೀಗಾಗೋದು ಅಂದರೆ ಸರಿಯಲ್ಲ."

ಪಾಪ, ಅವರ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಕೊಟ್ಟವರದು ತಪ್ಪು. ನನಗೆ ಆಗ ಐವತ್ತಲ್ಲ, ಐವತ್ತೆಂಟು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗಿಬರುವುದಿಲ್ಲ ಅಂತ ನಮ್ಮವರ ನಂಬಿಕೆ. ಜಾತಕ ನೋಡಿದವರೆಲ್ಲ ಒಂದು ಲೋಟ ನೀರನ್ನೂ ಕುಡಿಯದೆ ಎದ್ದು ಹೋದರು. ನನಗೆ ಇಪ್ಪತ್ತನಾಲ್ಕಾಯಿತು. ನನ್ನ ಹಿಂದೆ ತಂಗಿ ಸರಸ್ವತಿ, ಅವಳಿಗೆ ಹದಿನಾರು. ಅಕ್ಕನಿಗಾಗದೆ ಅವಳಿಗೆ ಮಾಡುವಂತಿಲ್ಲ. ನಮ್ಮಪ್ಪ ಮೇಷ್ಟ್ರು. ಅವರಿಗೆ ವರ್ಗವಾಗಿ ನಾವು ಹೊಸ ಊರಿಗೆ ಬಂದೆವು, ಅಲ್ಲಿ ನಮ್ಮ ಹಿಂದು ಮುಂದು ಬಲ್ಲವರು ಯಾರೂ ಇರಲಿಲ್ಲ. ನಾನು ಗಿಡ್ಡ, ಕಡ್ಡಿ ಹಾಗಿದ್ದೆ. ಇವರ ಕಡೆಯವರು ಕೇಳಿಕೊಂಡು ಬಂದಾಗ ಅಪ್ಪ ಒಳಗೆ ಹೋಗಿ ತಂಗಿಯ ಜಾತಕ ತಂದು ಅವರ ಕೈಗಿಟ್ಟರು. ರೋಹಿಣಿ ನಕ್ಷತ್ರ, ಹದಿನಾರು ವರ್ಷ. ನನ್ನನ್ನು ಯಾರು ಕೇಳಿದರು? ದೀಪದ ಮುಂದೆ ತಲೆ ತಗ್ಗಿಸಿ ಕೂತಿರು ಅಂದರು, ಕೂತೆ. ಮುಂದೆ ಅದೇ ಜಾತಕ ಕೊಟ್ಟು ತುಮಕೂರಿನ ಹತ್ತಿರ ಸರಸ್ವತಿಯ ಮದುವೆಯನ್ನೂ ಮಾಡಿದರು. ಒಂದೇ ಜಾತಕಕ್ಕೆ ಇಬ್ಬರು ಗಂಡಂದಿರು.

ಮದುವೆಯಾದ ವರ್ಷವೇ ನನ್ನ ಮಾವ ಜ್ವರ ಬಂದು ತೀರಿಕೊಂಡರು. ಹೆಣ ಇನ್ನೂ ನಡುಮನೆಯಲ್ಲಿತ್ತು, ಅತ್ತೆ ನನ್ನ ತಲೆ ತಡವಿ, "ನಿನ್ನದು ಒಳ್ಳೆ ನಕ್ಷತ್ರ ಕಣಮ್ಮಾ, ನಿನ್ನ ಮೇಲೆ ಯಾರೂ ಬೆರಳು ಮಾಡೋ ಹಾಗಿಲ್ಲ" ಅಂದರು. ಅವತ್ತು ನನ್ನ ಬಾಯಿಗೆ ಬಿದ್ದ ಬೀಗ ತೆಗೆಯುವುದಕ್ಕೆ ಆಮೇಲೆ ದಾರಿಯೇ ಸಿಗಲಿಲ್ಲ. ಸತ್ಯ ಹೇಳಿದರೆ ಬಯಲಾಗುವುದು ವಯಸ್ಸಿನ ಸುಳ್ಳೊಂದೇ ಅಲ್ಲ. ಇವರ ಕಣ್ಣಿಗೆ ನಾನು ಇವರ ಅಪ್ಪನನ್ನು ತಿಂದವಳಾಗುತ್ತೇನೆ.

ಇವರು ಜಾತಕ ನಂಬುವುದೆಂದರೆ ಹಾಗೆ ಹೀಗೆ ಅಲ್ಲ. ಬೊಂಬಾಯಿಯಲ್ಲಿ ಕೆಲಸ ಸಿಕ್ಕಿದ್ದು, ಬಡ್ತಿ ಬಂದದ್ದು, ಮಲಾಡಿನಲ್ಲಿ ಮನೆಯಾದದ್ದು, ಎಲ್ಲ ನನ್ನ ರೋಹಿಣಿಯ ಬಲ. ತಿಂಗಳು ತಿಂಗಳು ರೋಹಿಣಿಯ ದಿನ ಮಾಟುಂಗದ ದೇವಸ್ಥಾನಕ್ಕೆ ಹೋಗಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬರುತ್ತಾರೆ. ತಂಗಿ ಹುಟ್ಟಿದ ದಿನ ನನಗೆ ಎಣ್ಣೆನೀರು, ಪಾಯಸ. ನಾನು ಹುಟ್ಟಿದ ದಿನ ನಾನು ಬಟ್ಟೆ ಒಗೆಯುತ್ತೇನೆ.

ಮೈ ಮಾತ್ರ ಅಪ್ಪನ ಸುಳ್ಳು ಕೇಳಲಿಲ್ಲ. ಎಲ್ಲವೂ ನನಗೆ ಎಂಟು ವರ್ಷ ಮೊದಲೇ ಬಂತು. ಇವರ ಲೆಕ್ಕದಲ್ಲಿ ಮೂವತ್ತಾರಕ್ಕೆ ಚಾಳೀಸು ಕನ್ನಡಕ, ನಲವತ್ತೊಂದಕ್ಕೆ ಮುಟ್ಟು ನಿಂತದ್ದು, ನಲವತ್ತೈದಕ್ಕೆ ದವಡೆ ಹಲ್ಲು ಹೋದದ್ದು. ಒಂದೊಂದಕ್ಕೂ ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದರು, ಟಾನಿಕ್ಕು ತಂದು ಕುಡಿಸಿದರು. ಕೆಟ್ಟ ಗಂಡನಾಗಿದ್ದರೆ ಎಂದೋ ಎದುರು ನಿಂತು ಹೇಳಿಬಿಡುತ್ತಿದ್ದೆ. ಒಳ್ಳೆಯವರಾಗಿ ನನ್ನ ಪ್ರಾಣ ಹಿಂಡಿದರು.

ಮುಖ ಎಳೆಸುವ ವಿಷಯ ಮನೆಗೆ ತಂದವಳು ಪಕ್ಕದ ಮನೆಯ ವಿನೋದಿನಿ. ಅವಳ ಗಂಡ ಸದಾನಂದನದು ಗ್ರಾಂಟ್ ರೋಡಿನಲ್ಲಿ ಹೋಟೆಲು, ಉಡುಪಿಯ ಕಡೆಯವರು. ಫೋಟೋದ ಕಥೆ ಅವಳಿಗೆ ಇವರೇ ಹೇಳಿದ್ದರು.

"ಅದಕ್ಕೆ ಎಂತ ಬೇಜಾರು ಮಾರಾಯ್ರೆ," ಅಂದಳು ವಿನೋದಿನಿ, ಅಡುಗೆಮನೆಯ ಹೊಸಿಲ ಮೇಲೆ ಕೂತು. "ನಮ್ಮ ಹೋಟ್ಲಿನ ಮಾಳಿಗೆಯಲ್ಲಿ ಒಬ್ಬ ಪಾರ್ಸಿ ಡಾಕ್ಟ್ರು ಉಂಟು. ಯುದ್ಧದಲ್ಲಿ ಸುಟ್ಟು ಹೋದ ಸೋಲ್ಜರುಗಳ ಮುಖ ಹೊಲಿದವರು. ಈಗ ದೊಡ್ಡ ದೊಡ್ಡ ಸೇಠಾಣಿಗಳೆಲ್ಲ ಅವರತ್ರ ಬರ್ತಾರೆ. ಕಿವಿಯ ಹತ್ರ ಚೂರು ಕೊಯ್ಯುದು, ಚರ್ಮ ಮೇಲೆ ಎಳಿಯುದು, ಹೊಲಿಯುದು. ಹತ್ತು ವರ್ಷ ಕಡಿಮೆ ಕಾಣ್ತದೆ."

"ನಾನೇನು ಹರಿದ ರವಿಕೆಯೇ, ಹೊಲಿಸೋಕೆ?" ಅಂದೆ.

ಅವಳು ನಕ್ಕಳು. ನಡುಮನೆಯಲ್ಲಿ ಪೇಪರು ಓದುತ್ತಿದ್ದ ಇವರು ನಗಲಿಲ್ಲ. ಪೇಪರು ಮಡಚಿಟ್ಟು, "ಆ ಡಾಕ್ಟರು ಯಾವ ಹೊತ್ತಿಗೆ ಸಿಗ್ತಾರಮ್ಮಾ?" ಅಂತ ಕೇಳಿದರು.

ನಾನು ಬೇಡ ಅಂದೆ. ಯಾಕೆ ಅಂದರು. ಹೆದರಿಕೆ ಅಂದೆ. ಕ್ಲೋರೋಫಾರಂ ಕೊಡುತ್ತಾರೆ, ಏನೂ ಗೊತ್ತಾಗಲ್ಲ ಅಂದರು. ಈ ವಯಸ್ಸಿನಲ್ಲಿ ಯಾಕೆ ಅಂದೆ. "ಯಾವ ವಯಸ್ಸು? ಐವತ್ತು ಒಂದು ವಯಸ್ಸೇನೆ?" ಅಂದರು. ಆಮೇಲೆ ನನ್ನ ಪಕ್ಕ ಬಂದು ಕೂತು ದನಿ ಇಳಿಸಿದರು. "ನೋಡೇ, ಷಷ್ಟ್ಯಬ್ದಿ ದಿನ ಮತ್ತೆ ನಿನಗೆ ತಾಳಿ ಕಟ್ತೀನಿ. ಅಷ್ಟು ಜನರೆದುರು ಯಾವನಾದರೂ ಆ ಸ್ಟುಡಿಯೋದವನ ಹಾಗೆ ಅಂದರೆ ನನಗೆ ಎದೆ ಒಡೆದು ಹೋಗುತ್ತೆ. ನಿನಗೆ ನೋವಾಗಬಾರದು ಅಂತ. ಬೇಡ ಅನ್ನಿಸಿದರೆ ಬಿಡು, ನನ್ನದೇನೂ ಬಲವಂತ ಇಲ್ಲ."

ಬಲವಂತ ಇಲ್ಲ ಅಂದವರಿಗೆ ಏನು ಹೇಳಿ ತಪ್ಪಿಸಿಕೊಳ್ಳುವುದು? ಹೋದೆವು.

ಡಾಕ್ಟರು ಬಿಳಿ ಮೀಸೆಯ ಎತ್ತರದ ಮನುಷ್ಯ. ಅವರಿಗೆ ಇಂಗ್ಲಿಷು, ಗುಜರಾತಿ. ಕನ್ನಡಕ್ಕೆ ರಾಜೀವಿ ಅಂತ ಮಂಗಳೂರಿನ ಕಡೆಯ ನರ್ಸು ಇದ್ದಳು. ಡಾಕ್ಟರು ನನ್ನ ಮುಖವನ್ನು ದೀಪಕ್ಕೆ ಹಿಡಿದು ನೋಡಿದರು. ಎರಡೂ ಕಿವಿಯ ಮುಂದೆ ಬೆರಳಿಟ್ಟು ಚರ್ಮವನ್ನು ಮೆಲ್ಲನೆ ಮೇಲೆತ್ತಿದರು. ರಾಜೀವಿ ಕನ್ನಡಿ ಹಿಡಿದಳು.

ಸುಳ್ಳು ಯಾಕೆ ಹೇಳಲಿ, ಕನ್ನಡಿಯಲ್ಲಿ ಅವತ್ತು ದೀಪದ ಮುಂದೆ ಕೂತಿದ್ದವಳು ಇದ್ದಳು. ಇಪ್ಪತ್ತನಾಲ್ಕರವಳು, ಹದಿನಾರು ಅಂತ ಹೇಳಿಸಿಕೊಂಡವಳು. ಆಸೆಯಾಯಿತು. ಅರೆಗಳಿಗೆ ಬಹಳ ಆಸೆಯಾಯಿತು. ಡಾಕ್ಟರು ಬೆರಳು ತೆಗೆದರು, ಮುಖ ತನ್ನ ಜಾಗಕ್ಕೆ ಬಂತು.

"ಎಷ್ಟು ವಯಸ್ಸು?" ಅಂತ ಕೇಳಿದರು.

"ಫಿಫ್ಟಿ" ಅಂದರು ಇವರು.

ಡಾಕ್ಟರು ಮತ್ತೆ ನೋಡಿದರು. ಕಣ್ಣಿನ ಕಪ್ಪು ಗುಡ್ಡೆಯ ಸುತ್ತ ಬೂದು ಬಳೆ, ಕುತ್ತಿಗೆ, ಕೈಯ ಮೇಲಿನ ನರ, ಎಲ್ಲ ನೋಡಿ ತಲೆಯಾಡಿಸಿದರು. ಐವತ್ತಕ್ಕೆ ಇಷ್ಟು ಮುಪ್ಪು ಬರಬಾರದು, ಒಳಗೆ ಏನೋ ರೋಗವಿದೆ, ಅದು ಗೊತ್ತಾಗದೆ ನಾನು ಕತ್ತಿ ಮುಟ್ಟುವುದಿಲ್ಲ ಅಂದರು. ಇವರು ನನ್ನ ಕಡೆ ತಿರುಗಿ, "ನೋಡಿದೆಯಾ, ನಾನು ಹೇಳಲಿಲ್ಲವೇ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡೇ ಇಳಿದರು.

ಒಳಗೊಳಗೇ ನನಗೆ ಖುಷಿ. ಇಲ್ಲದ ರೋಗ ಯಾವ ಡಾಕ್ಟರಿಗೂ ಸಿಗುವುದಿಲ್ಲ, ಸಿಗುವ ತನಕ ಕತ್ತಿ ಇಲ್ಲ, ಅಷ್ಟರಲ್ಲಿ ಷಷ್ಟ್ಯಬ್ದಿ ಮುಗಿಯುತ್ತದೆ ಅಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು. ರಕ್ತ ತೆಗೆದರು, ಎದೆಗೆ ಎಕ್ಸ್‌ರೇ ಹಿಡಿದರು, ಮೂತ್ರ ಹಿಡಿದು ಕೊಡಿ ಅಂದರು. ಒಂದು ಲೋಕಲ್‌ನಿಂದ ಇನ್ನೊಂದು ಲೋಕಲ್, ಒಂದು ಬೆಂಚಿನಿಂದ ಇನ್ನೊಂದು ಬೆಂಚು. ಏನೂ ಸಿಗದಷ್ಟೂ ಇವರಿಗೆ ಭಯ ಹೆಚ್ಚಾಯಿತು. ನನಗೆ ಕಾಫಿ ನಿಲ್ಲಿಸಿದರು. ಬೆಳಿಗ್ಗೆ ತಾವೇ ಎದ್ದು ಗಂಜಿ ಕಾಯಿಸಿ ಕೊಡತೊಡಗಿದರು. ಗಟ್ಟಿಮುಟ್ಟಾದ ಹೆಂಗಸು ನಾನು, ಮಧ್ಯಾಹ್ನವೆಲ್ಲ ರಗ್ಗು ಹೊದ್ದು ಮಲಗಬೇಕು. ಗಂಜಿ ಕುಡಿಯುತ್ತಾ ಗೋಡೆ ನೋಡುತ್ತಾ ನನಗೆ ಚೀರಿಬಿಡೋಣ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಸರಸ್ವತಿ ಬಂದಳು, ಸಮಾರಂಭದ ಕೆಲಸಕ್ಕೆ ಕೈ ಹಾಕಲು. ಅವಳಿಗೆ ನಿಜಕ್ಕೂ ಐವತ್ತು. ಕಪ್ಪು ಕೂದಲು, ತುಂಬಿದ ಕೆನ್ನೆ, ಬಾಯಿ ತುಂಬ ಹಲ್ಲು. ಇವರ ಲೆಕ್ಕದಲ್ಲಿ ಅವಳು ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು, ಹಾಗಂತ ಅಪ್ಪ ಹೇಳಿದ್ದರು. ಇವರು ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಸರಸ್ವತೀ, ನಾಳೆ ನೀನೂ ಡಾಕ್ಟರ ಹತ್ತಿರ ಬಾರಮ್ಮಾ" ಅಂದರು. "ಇವಳು ಇರಬೇಕಾದದ್ದು ನಿನ್ನ ಹಾಗೆ ಅಂತ ತೋರಿಸ್ತೀನಿ. ಅವರಿಗೂ ಒಂದು ಮಾದರಿ ಇರುತ್ತೆ."

ಸರಸ್ವತಿ ಅಡುಗೆಮನೆಗೆ ಬಂದು ಬಾಗಿಲು ಮರೆಮಾಡಿ, "ಅಕ್ಕಾ, ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ? ಹೇಳಿಬಿಡು" ಅಂದಳು.

"ನಿನಗೇನಮ್ಮಾ" ಅಂದೆ. ಸಿಟ್ಟು ಬಂದಿತ್ತು, ತಡೆಯಲಿಲ್ಲ. "ನಿನ್ನ ನಕ್ಷತ್ರ ನಾನು ಉಟ್ಟೆ, ನಿನ್ನ ಹುಟ್ಟುಹಬ್ಬ ನಾನು ಉಂಡೆ. ಈಗ ನಿನ್ನ ಮುಖವನ್ನೂ ಹೊಲಿಸಿಕೊಂಡು ಸಾಯ್ತೀನಿ ಬಿಡು."

ಅವಳ ಕಣ್ಣಲ್ಲಿ ನೀರು ಬಂತು. ಅವಳದೇನು ತಪ್ಪು? ಆ ದಿನ ಅವಳನ್ನೂ ಯಾರೂ ಕೇಳಿರಲಿಲ್ಲ.

ಎರಡನೆಯ ಸಲ ಡಾಕ್ಟರು ಕಾಗದಗಳನ್ನೆಲ್ಲ ನೋಡಿದರು, ಸರಸ್ವತಿಯನ್ನೂ ನೋಡಿದರು. ಇವರನ್ನೂ ಅವಳನ್ನೂ ಹೊರಗೆ ಕೂರಿಸಲು ಹೇಳಿ ಬಾಗಿಲು ಹಾಕಿಸಿದರು. ರಾಜೀವಿ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು.

"ಅಮ್ಮಾ, ಹೆದರ್ಬೇಡಿ ಆಯ್ತಾ. ಇಲ್ಲಿಗೆ ಬರುವವರೆಲ್ಲ ವಯಸ್ಸು ಕಡಿಮೆಯೇ ಹೇಳುದು. ಆದ್ರೆ ಡಾಕ್ಟ್ರಿಗೆ ಸರಿ ಹೇಳ್ಬೇಕು. ಮದ್ದು ಕೊಟ್ಟು ಮಲಗಿಸುದು ಅದನ್ನು ನೋಡಿಯೇ. ತಪ್ಪು ಹೇಳಿದ್ರೆ ಜೀವಕ್ಕೆ ಅಪಾಯ. ಹೊರಗೆ ಯಾರಿಗೂ ಗೊತ್ತಾಗುದಿಲ್ಲ."

ಅವಳ ಕೈ ನನ್ನ ಕೈಯ ಮೇಲಿತ್ತು. ಮೂವತ್ತನಾಲ್ಕು ವರ್ಷದಿಂದ ಯಾರೂ ನನ್ನನ್ನು ನೇರವಾಗಿ ಕೇಳಿರಲಿಲ್ಲ.

"ಐವತ್ತೆಂಟು" ಅಂದೆ.

ಎಷ್ಟು ಹಗುರವಾಯಿತು ಅಂತ ಹೇಳಲಾರೆ. ಇನ್ನೊಮ್ಮೆ ಹೇಳಬೇಕೆನ್ನಿಸಿತು, ಹೇಳಿದೆ. "ಐವತ್ತೆಂಟು ಕಣಮ್ಮಾ. ಹುಟ್ಟಿದ್ದು ಮೂಲಾ ನಕ್ಷತ್ರ."

ರಾಜೀವಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮನಸ್ಸು ತುಂಬಿ ನಕ್ಕರು. ಐವತ್ತೆಂಟಕ್ಕೆ ಈ ಮುಖ ಚೆನ್ನಾಗಿಯೇ ಇದೆ, ಹೃದಯ ಗಟ್ಟಿಯಾಗಿದೆ, ರಕ್ತ ಶುದ್ಧವಾಗಿದೆ, ಯಾವ ಕಾಯಿಲೆಯೂ ಇಲ್ಲ ಅಂದರು. ನಾನೂ ನಕ್ಕೆ. ಬಾಗಿಲು ತೆಗೆದು ಅವರೇ ಹೊರಗೆ ಹೋಗಿ ಇವರ ಬೆನ್ನು ತಟ್ಟಿದರು.

"ಮಿಸ್ಟರ್ ಸುಬ್ಬಯ್ಯ, ನಿಮ್ಮ ಹೆಂಡತಿಗೆ ಏನೂ ಆಗಿಲ್ಲ. ಇನ್ನು ಧಾರಾಳವಾಗಿ ಆಪರೇಷನ್ ಮಾಡಬಹುದು. ಶನಿವಾರ ಬಂದು ಸೇರಿಸಿ."

ನಗುತ್ತಿದ್ದವಳು ಹಾಗೇ ನಿಂತೆ. ರೋಗವಿದೆ ಅನ್ನುವ ತನಕ ಕತ್ತಿ ಇರಲಿಲ್ಲ. ನಿಜ ಹೇಳಿ ನಾನೇ ಆ ಅಡ್ಡಿ ತೆಗೆದುಕೊಟ್ಟಿದ್ದೆ. ಇವರು ಡಾಕ್ಟರ ಕೈಗಳೆರಡನ್ನೂ ಹಿಡಿದುಕೊಂಡು, ಇದು ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳುತ್ತಿದ್ದರು. ಏಳೆಂಟು ವರ್ಷ, ಆಮೇಲೆ ಮತ್ತೆ ಇಳಿಯುತ್ತದೆ ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ಇವರ ಸಂಭ್ರಮ ನೋಡಬೇಕಿತ್ತು. ಕಾಫಿಯ ವ್ರತ ಮುರಿದು ನನಗೂ ಒಂದು ಲೋಟ ಕೊಟ್ಟರು. ಸರಸ್ವತಿ ನನ್ನ ಮುಖ ನೋಡಿದಳು, ಸಕ್ಕರೆ ಬೇಕು ಅಂತ ನೆಪ ಹೇಳಿ ವಿನೋದಿನಿಯ ಮನೆಗೆ ಹೋದಳು.

"ರೋಹಿಣಿಯ ಬಲ ಕಣೇ" ಅಂದರು ಇವರು. "ಇಷ್ಟು ಪರೀಕ್ಷೆಯಾದರೂ ಒಂದು ಕಲೆ ಇಲ್ಲ ಅಂದರೆ ಏನು! ನಮ್ಮಪ್ಪ ನಿನ್ನ ಜಾತಕ ಕೈಯಲ್ಲಿ ಹಿಡಿದು, ಇಂಥ ಹುಡುಗಿ ಬಿಟ್ಟರೆ ಸಿಕ್ಕಲ್ಲ ಅಂದಿದ್ದರು."

ಇನ್ನು ಆಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಅದು ನನ್ನ ಜಾತಕ ಅಲ್ಲ. ಸರಸ್ವತೀದು. ನನಗೆ ಐವತ್ತೆಂಟು. ನನಗೆ ಕಾಯಿಲೆ ಇಲ್ಲ, ವಯಸ್ಸಾಗಿದೆ ಅಷ್ಟೇ. ಮುಖ ಎಳೆಸೋದು ಬೇಡ. ನನ್ನ ಮುಖ ನನ್ನ ವಯಸ್ಸಿಗೆ ಸರಿಯಾಗೇ ಇದೆ."

ಇವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಚಾಳೀಸು, ಹಲ್ಲು, ಎಲ್ಲ ತಾಳೆಯಾಗಿರಬೇಕು.

"ನಕ್ಷತ್ರ?" ಅಂದರು.

"ಮೂಲಾ."

ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಕೂಗಿಕೊಂಡು ಹೋದ. ಇವರು "ನಮ್ಮಪ್ಪ..." ಅಂದು ಅಷ್ಟಕ್ಕೇ ನಿಲ್ಲಿಸಿದರು.

"ನಿಮ್ಮಪ್ಪ ವಿಷಮಜ್ವರದಲ್ಲಿ ಹೋದರು" ಅಂದೆ. "ಆ ಊರಲ್ಲಿ ಆ ಸಲ ಎಷ್ಟು ಜನ ಹೋಗಲಿಲ್ಲ? ಅವರ ತಲೆ ನನ್ನ ತೊಡೆ ಮೇಲಿತ್ತು. ಕಷಾಯ ಹಾಕಿದವಳು ನಾನು. ಕಾಲು ಒತ್ತಿದವಳು ನಾನು. ನಾನೇನು ಮಾಡಿದೆ ಹೇಳಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವರು ಎದ್ದು ಕೋಟು ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ಕಡೆ ಹೊರಟು ಹೋದರು. ನಾನು ಬಾಗಿಲಲ್ಲೇ ಕೂತೆ. ಒಂದು ಕಡೆ ಭಯ, ಇನ್ನೊಂದು ಕಡೆ ಸಮಾಧಾನ. ಬಿಡುತ್ತಾರೋ, ಊರಿಗೆ ಕಳಿಸುತ್ತಾರೋ, ಏನಾದರಾಗಲಿ, ಇನ್ನು ಮೇಲೆ ನಾನು ಐವತ್ತೆಂಟರವಳು ಅಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಕೈಯಲ್ಲಿ ಎಲೆಯ ಪೊಟ್ಟಣ, ಮಾಟುಂಗದ ಪ್ರಸಾದ. ಯಾವತ್ತೂ ನನ್ನ ಅಂಗೈಗೆ ಹಾಕುತ್ತಿದ್ದರು. ಅವತ್ತು ಮೇಜಿನ ಮೇಲಿಟ್ಟು ಕೋಟು ಬಿಚ್ಚಿದರು.

"ಯಾವ ನಕ್ಷತ್ರ ಹೇಳಿದಿರಿ?" ಅಂದೆ.

"ರೋಹಿಣಿ."

ನಾನು ಪೊಟ್ಟಣವನ್ನು ಆಚೆ ಸರಿಸಿದೆ.

"ಇನ್ನೇನು ಹೇಳಲಿ? ಇಷ್ಟು ವರ್ಷದಿಂದ ಅದೇ ಭಟ್ಟರು. ಷಷ್ಟ್ಯಬ್ದಿಯ ಸಂಕಲ್ಪವೂ ಅವರೇ ಹೇಳಿಸೋದು." ನನ್ನ ಕಡೆ ನೋಡದೆ, ಕೋಟನ್ನು ಗೂಟಕ್ಕೆ ಹಾಕುತ್ತಾ ಮಾತಾಡಿದರು. "ಇದು ಈ ಮನೆಯಿಂದ ಹೊರಗೆ ಹೋಗಬಾರದು. ಸರಸ್ವತಿಗೂ ಹೇಳು. ಊರಿಂದ ನಮ್ಮ ಚಿಕ್ಕಪ್ಪನ ಮಕ್ಕಳೆಲ್ಲ ಬರ್ತಾರೆ. ಒಬ್ಬರಿಗೆ ಅನುಮಾನ ಬಂದರೂ ನಮ್ಮಪ್ಪನ ಸಾವನ್ನ ಎತ್ತಿ ಆಡ್ತಾರೆ. ಗೊತ್ತಿದ್ದೂ ಇಟ್ಟುಕೊಂಡ ಅಂತಾರೆ. ಅಕ್ಕ ತಂಗಿ ಪಕ್ಕದಲ್ಲಿ ನಿಂತರೆ ಎರಡೇ ವರ್ಷದ ಅಂತರ ಕಾಣಬೇಕು."

"ಬೇಡ ಅನ್ನಿಸಿದರೆ ಬಿಡು ಅಂದಿದ್ದಿರಿ."

"ಅದು ಆವಾಗ" ಅಂದರು. "ಈಗ ಬಿಡೋ ಹಾಗಿಲ್ಲ."

ಹೆಂಡತಿಯ ಮನಸ್ಸು ನೋಯಬಾರದು ಅಂತ ಕಣ್ಣೀರು ಹಾಕಿದ ಮನುಷ್ಯ ಇವರೇ. ಅಷ್ಟು ವರ್ಷ ಆ ಸುಳ್ಳಿನೊಳಗೆ ನಾನೊಬ್ಬಳೇ ಇದ್ದೆ, ಹೊರಗೆ ಇವರಿದ್ದರು. ಎಂದಾದರೊಂದು ದಿನ ಬಾಗಿಲು ತೆಗೆದು ಇವರ ಹತ್ತಿರ ಹೋಗಬಹುದು ಅನ್ನುವ ಒಂದು ಆಸೆಯಿತ್ತು. ಈಗ ಇವರೇ ಒಳಗೆ ಬಂದು ಅಗುಳಿ ಹಾಕಿಕೊಂಡರು.

"ಏಳೆಂಟು ವರ್ಷಕ್ಕೆ ಮತ್ತೆ ಇಳಿಯುತ್ತಂತಲ್ಲ" ಅಂದೆ.

ಇವರು ಸಿಟ್ಟಿನಿಂದಲ್ಲ, ನಿಜವಾಗಿ ಲೆಕ್ಕ ಹಾಕಿಯೇ ಹೇಳಿದರು. "ಎಪ್ಪತ್ತಕ್ಕೆ ಭೀಮರಥ ಶಾಂತಿ ಇರುತ್ತೆ. ಅದಕ್ಕೆ ಮುಂಚೆ ಇನ್ನೊಂದು ಸಲ ಮಾಡಿಸೋಣ."

ಆಮೇಲೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಟ್ರಂಕು ತೆಗೆದು ಎರಡು ಹತ್ತಿ ಸೀರೆ, ಎರಡು ರವಿಕೆ ತೆಗೆದಿಟ್ಟೆ. ಸರಸ್ವತಿ ಸಕ್ಕರೆಯ ಬಟ್ಟಲು ಹಿಡಿದುಕೊಂಡು ಒಳಗೆ ಬಂದಳು. ಟ್ರಂಕು ನೋಡಿ ಹತ್ತಿರ ಬಂದು ಪಿಸುಗುಟ್ಟಿದಳು.

"ಹೇಳಿದೆಯಾ ಅಕ್ಕಾ?"

"ಹೇಳಿದೆ."

"ಎಲ್ಲಾನೂ?"

"ಎಲ್ಲಾನೂ."

"ಏನಂದರು?"

"ಶನಿವಾರ ಬೆಳಿಗ್ಗೆ ಹೊರಡಬೇಕು" ಅಂದೆ. "ಡಾಕ್ಟರಿಗೆ ಮಾದರಿ ಬೇಕಲ್ಲ, ನಿನ್ನದೊಂದು ಫೋಟೋ ಇದ್ದರೆ ಕೊಡು."